ಭಾಷೆ ಕಟ್ಟುವ ಹಲ್ಲಿನ ಡಾಕ್ಟರು

ನಮ್ಮ ಹಲ್ಲಿನ ಡಾಕ್ಟರು ಮಾತಾಡುವವರ ಕಣ್ಣನ್ನು ಎಂದೂ ನೋಡಿದವರಲ್ಲ. ಅವರ ದೃಷ್ಟಿಯೆಲ್ಲ ಎದುರಿಗಿರುವವರ ಬಾಯಿಯ ಮೇಲೆ. ಮಾವನವರು ತೀರಿಕೊಂಡ ಸುದ್ದಿಯನ್ನು ನಾನು ಗದ್ಗದಿತನಾಗಿ ತಿಳಿಸಿದಾಗಲೂ ತಲೆ ಓರೆ ಮಾಡಿ, ಸಂತಾಪದ ಮುಖದಲ್ಲೇ, "ಛೆ ಛೆ... ಇನ್ನೊಂದು ಸಲ ಹೇಳಿ, ನಾಲಿಗೆ ಎಲ್ಲಿ ತಾಗಿತು ನೋಡೋಣ" ಎಂದರು. ಅದು ಕಲ್ಲೆದೆಯಲ್ಲವೆಂದು ಅರ್ಥವಾಗಲು ನನಗೆ ಒಂದು ದವಡೆ ಹಲ್ಲೂ ಎರಡು ವರ್ಷವೂ ಖರ್ಚಾದವು.

ಅವರ ಮನಸ್ಸಿನೊಳಗೆ ಒಂದು ಲೋಕವಿದೆ. ಭೂಪಟದಲ್ಲಿ ಹುಡುಕಿದರೆ ಸಿಗದು. ಅಲ್ಲಿ ನಾಲ್ಕು ಜನಾಂಗ, ನಾಲ್ಕಕ್ಕೂ ಒಂದೊಂದು ಭಾಷೆ; ಅಷ್ಟನ್ನೂ ಮೂವತ್ತು ವರ್ಷ ಕೂತು ಕಟ್ಟಿದವರು ಇವರೊಬ್ಬರೇ. ಎರಡು ಅಳತೆ ದೊಡ್ಡದಾದ ಬಿಳಿ ಕೋಟಿನ ಎಡ ಜೇಬಿನಲ್ಲಿ ಮಾತ್ರೆಗಳು, ಬಲ ಜೇಬಿನಲ್ಲಿ ಪದಗಳನ್ನು ಬರೆದ ಚೀಟಿಗಳು; ಅವಸರದಲ್ಲಿ ಜೇಬು ತಪ್ಪಿ, "ಸಣ್ಣ ಮೀನನ್ನು ಮರಳಿ ನೀರಿಗೆ ಬಿಡುವಾಗ ಹೇಳುವ ಪದ" ಎಂಬ ಚೀಟಿಯನ್ನು ನೋವಿನಿಂದ ನರಳುವವರ ಕೈಗೆ ಇಟ್ಟದ್ದೂ ಉಂಟು. ಬೀದಿಯಲ್ಲಿ ನಡೆಯುವಾಗ ಮುಚ್ಚಿದ ಬಾಯೊಳಗೆ ಹೊಸ ಶಬ್ದವೊಂದನ್ನು ಹೊರಳಿಸುತ್ತ, ಅದೆಲ್ಲಿ ಚೆಲ್ಲೀತೋ ಎಂಬಂತೆ ಹೆಜ್ಜೆ ಅಳೆದು ಇಡುತ್ತಾರೆ. ಆಗ ನಮಸ್ಕಾರ ಹೇಳಿದವರಿಗೆ ಉತ್ತರವಿಲ್ಲ. ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡವರಿಗೆ ಮಾತು ಸರಿಬರುತ್ತದೆಯೇ ಎಂದು ಪರೀಕ್ಷಿಸುವ ನೆಪದಲ್ಲಿ ತಮ್ಮ ನಾಲ್ಕು ಜನಾಂಗಗಳಲ್ಲೊಂದಾದ ನದಿಯವರ ಜೋಗುಳ ಹೇಳಿಸುತ್ತಾರೆ.

"ಇದು ಯಾವ ಮಂತ್ರ ಡಾಕ್ಟ್ರೇ?" ಎಂದು ಮುದುಕಿಯೊಬ್ಬರು ಕೇಳಿದ್ದರು.

"ಮಂತ್ರ ಅಲ್ಲ ಅಜ್ಜಿ, ಮಗು ಮಲಗಿಸೋದು. ಇನ್ನೊಂದು ಸಾಲಿದೆ, ಹೇಳಿ."

ಜನ ಬದುಕುವ ರೀತಿ ತಿಳಿಯದೆ ಪದ ಮಾಡುವುದೆಂದರೆ ದವಡೆಯ ಅಳತೆ ತೆಗೆಯದೆ ಹಲ್ಲು ಕಟ್ಟಿದಂತೆ ಎಂಬುದು ಅವರ ಸಿದ್ಧಾಂತ. ಇದನ್ನು ಸಾರುವಾಗ ಮಾತ್ರ, ಎದುರಿಗೆ ಇಡೀ ವಿಶ್ವವಿದ್ಯಾಲಯವೇ ಕೂತು ಬರೆದುಕೊಳ್ಳುತ್ತಿದೆಯೋ ಎಂಬಂತೆ, ಅವರ ಎದೆ ತುಸು ಮುಂದೆ ಬರುತ್ತದೆ. ನಾಲ್ಕು ಜನಾಂಗಗಳಲ್ಲಿ ಅವರಿಗೆ ಪರಮಪ್ರಿಯರು ಹಿಮದ ಬೆಟ್ಟದವರು. ಅಲ್ಲಿ ಗಟ್ಟಿಯಾಗಿ ಕೂಗಿದರೆ ಮೇಲಿನ ಹಿಮ ಕುಸಿದು ಊರೇ ಮುಚ್ಚಿಹೋಗುತ್ತದೆ. ಆದ್ದರಿಂದ ಅವರದು ಉಸಿರಿನಲ್ಲೇ ಆಡುವ ಭಾಷೆ, ಕೋಪ ಏರಿದಷ್ಟೂ ದನಿ ಇಳಿಯುತ್ತದೆ. "ಒಂದೇ ಒಂದು ಸಲ ಈ ಭಾಷೇನ ಬೇರೆಯವರ ಬಾಯಲ್ಲಿ ಪೂರ್ತಿ ಕೇಳಬೇಕು ಕಣ್ರೀ, ಆಮೇಲೆ ಏನಾದರೂ ಆಗಲಿ" ಎಂದು ನನ್ನೊಡನೆ ಎಷ್ಟೋ ಸಲ ಹೇಳಿದ್ದರು.

ಆ ಯೋಗ ಬಂದೇ ಬಂತು. ಅದ್ಭುತ ಲೋಕವೊಂದರ ಕಥೆಯನ್ನು ಸಿನಿಮಾ ಮಾಡುತ್ತಿದ್ದ ನಿರ್ದೇಶಕನೊಬ್ಬ ದವಡೆ ಊದಿಸಿಕೊಂಡು ಬಂದವನು, ಚೀಟಿಗಳನ್ನು ಕಂಡು, ಬೆಟ್ಟದವರ ಭಾಷೆಯೇ ಬೇಕೆಂದ. "ಮನೇಲಿರೋ ಭಾಷೇಲಿ ನಾಲ್ಕು ಮಾತಾಡಿ, ಸಾಕು" ಎಂದು ಮೂವತ್ತು ವರ್ಷ ಮೂದಲಿಸಿದ್ದ ಡಾಕ್ಟರ ಹೆಂಡತಿ ಅಂದು ಕೋಟಿಗೆ ತಾವೇ ಇಸ್ತ್ರಿ ಹಾಕಿದರು.

ತಾಲೀಮಿನ ಕೋಣೆಗೆ ನಾನೂ ಹೋಗಿದ್ದೆ. ಮೊದಲು ನಟಿಯೊಬ್ಬಳು ಬೆಟ್ಟದ ತಾಯಿಯ ಮೂರು ಸಾಲನ್ನು ಮೆಲ್ಲಗೆ ಹೇಳಿದಳು. ಡಾಕ್ಟರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಇಪ್ಪತ್ತು ಮಂದಿ ಕೋಲು ಹಿಡಿದು ನುಗ್ಗಿ, ಅದೇ ಭಾಷೆಯಲ್ಲಿ, ಸೂರು ಹಾರುವಂತೆ ರಣಘೋಷ ಮಾಡಿದರು. ಡಾಕ್ಟರು ದಡಕ್ಕನೆ ಎದ್ದರು.

"ನಿಲ್ಸಿ, ನಿಲ್ಸಿ! ಅವರು ಕೂಗೋದಿಲ್ಲ."

ನಿರ್ದೇಶಕ ನಕ್ಕ. "ಯುದ್ಧ ಡಾಕ್ಟ್ರೇ ಇದು. ಇಷ್ಟು ಜನ ಪಿಸುಗುಟ್ಟಿಕೊಂಡು ಓಡಿದರೆ ನೋಡೋರು ನಗಲ್ವಾ?"

"ಹಾಗಾದ್ರೆ ಅವರು ಯುದ್ಧಕ್ಕೆ ಬಂದಿಲ್ಲ ಅಂತ ಇಟ್ಕೊಳ್ಳಿ. ನದಿಯವರನ್ನ ಕರ್ಕೊಳ್ಳಿ, ಅವರು ಹುಟ್ಟಾ ಜಗಳಗಂಟರು."

"ಈ ಭಾಷೇನೇ ಚೆನ್ನಾಗಿದೆ. ಕೂಗಿದರೆ ಯಾರಿಗೆ ತಪ್ಪು ಅಂತ ಗೊತ್ತಾಗುತ್ತೆ ಸಾರ್?"

"ನನಗೆ" ಎಂದರು. ಅದೆಷ್ಟು ಮೆಲ್ಲಗೆಂದರೆ, ಅವರಿಗೆ ಬಂದಿದ್ದ ಕೋಪ ಎಂಥದೆಂದು ಆ ಕೋಣೆಯಲ್ಲಿ ನನಗೊಬ್ಬನಿಗೇ ತಿಳಿಯಿತು. ಚೀಟಿಗಳನ್ನೆಲ್ಲ ಬಾಚಿ ಜೇಬಿಗೆ ತುಂಬಿಕೊಂಡು ಹೊರಟೇಬಿಟ್ಟರು.

ಮನೆಯಲ್ಲಿ ಹೆಂಡತಿ ಹಣೆ ಚಚ್ಚಿಕೊಂಡರು. "ಅಲ್ಲಾ ರೀ, ನಿಮ್ಮ ತಲೇಲಿ ಹುಟ್ಟಿದವರು, ಒಂದು ದಿನದ ಮಟ್ಟಿಗೆ ನಿಮ್ಮ ಮಾತು ಕೇಳಿ ಕೂಗಬಾರದಿತ್ತಾ?"

"ಹುಟ್ಟೋವರೆಗೆ ಕೇಳ್ತಾರೆ ಕಣೇ. ಆಮೇಲೆ ಅವರ ದಾರಿ ಅವರದು."

"ಥೇಟ್ ನಮ್ಮ ಮಗನ ಥರ. ಏಳಿ ಊಟಕ್ಕೆ."

ಸಿನಿಮಾ ಬೇರಾರೋ ಕಟ್ಟಿಕೊಟ್ಟ ಗರ್ಜನೆಯ ಭಾಷೆಯೊಂದಿಗೆ ತೆರೆಕಂಡು ಚೆನ್ನಾಗಿಯೇ ಓಡಿತು. ಬೇಸರವಿಲ್ಲವೇ ಎಂದು ಡಾಕ್ಟರನ್ನು ಕೇಳಿದೆ. ಬೇಸರ ಇತ್ತು, ಮುಚ್ಚಿಡಲು ಬಾರದವರು. "ಮೂರು ಸಾಲು ಕೇಳಿದೆನಲ್ಲ" ಎಂದರು.

ಇಂಥವರನ್ನು ಹುಚ್ಚರೆಂದು ನಗುವುದು ಸುಲಭ, ನಾನೂ ನಕ್ಕವನೇ. ನಾವಾದರೋ ಕಣ್ಣೆದುರಿಗಿರುವ ಮನುಷ್ಯರ ಹೆಸರಿನಲ್ಲಿ ಅವರಾಡದ ಮಾತನ್ನು ಆಡಿ, ಹೊಟ್ಟೆ ತುಂಬ ಉಂಡು, ಹಾಯಾಗಿ ಮಲಗುತ್ತೇವೆ. ತಾವೇ ಸೃಷ್ಟಿಸಿದ್ದಕ್ಕೂ ತಾವು ಒಡೆಯರೆಂದು ಬಗೆಯದ ಈ ಕೆಲವರು ಮಾತ್ರ, ಇಲ್ಲದ ಬೆಟ್ಟದ ಮೇಲೆ ಹಿಮ ಕುಸಿದೀತೆಂದು ಹೆದರಿ, ಮೂವತ್ತು ವರ್ಷ ಕಾದ ಭಾಗ್ಯವನ್ನು ಮೆಲುದನಿಯಲ್ಲೇ ಹಿಂದಕ್ಕೆ ಕಳಿಸಿಬಿಡುತ್ತಾರೆ.