ಆಸ್ಪತ್ರೆಗೆ ಹೊರಟ ಅಲಂಕಾರ

ನಮ್ಮಮ್ಮನದು ಒಂದೇ ಕಾನೂನು: ಆಸ್ಪತ್ರೆಗೆ ಹೋಗುವಾಗ ಮದುವೆಗೆ ಹೊರಟವರ ಹಾಗೆ ಹೊರಡಬೇಕು. ಜ್ವರ ಬಂದಿರಲಿ, ಕಾಲು ಮುರಿದಿರಲಿ, ಮೊದಲು ಒಳ್ಳೆ ಬಟ್ಟೆ, ಆಮೇಲೆ ಮುಖಕ್ಕೆ ಪೌಡರು, ಆಮೇಲೆ ಡಾಕ್ಟರು. ಅವಳೊಬ್ಬಳದ್ದೇ ಅಲ್ಲ, ನಮ್ಮ ಬೀದಿಯ ಎಲ್ಲ ಮನೆಗಳದ್ದೂ ಇದೇ ಕಥೆ. ನಾವು ಕಪ್ಪು ಜನ. ತಾತನ ಕಾಲದಲ್ಲಿ ಕೂಲಿಗೆ ಅಂತ ಈ ಊರಿಗೆ ಬಂದವರು. ನಾವು ಹುಟ್ಟಿ ಬೆಳೆದದ್ದು ಇಲ್ಲೇ ಆದರೂ ಇಲ್ಲಿಯ ಬಿಳಿ ಮುಖದವರಿಗೆ ನಾವು ಇನ್ನೂ ಹೊರಗಿನವರೇ. ಅಪ್ಪ ಒಂದು ಸಲ ಎದೆನೋವು ಅಂತ ರಸ್ತೆಗೆ ಡಾಂಬರು ಹಾಕೋ ಕೆಲಸದಿಂದ ಹಾಗೇ ಎದ್ದು ಆಸ್ಪತ್ರೆಗೆ ಹೋದರು. ಕುಡಿದು ಬಂದಿದ್ದಾನೆ ಅಂತ ಅವರನ್ನು ಬಾಗಿಲ ಹೊರಗೆ ಕೂರಿಸಿದರು. ಜೀವಮಾನದಲ್ಲಿ ಒಂದು ಹನಿ ಮುಟ್ಟಿದವರಲ್ಲ ನಮ್ಮಪ್ಪ. ಅವತ್ತಿನಿಂದ ಅಮ್ಮ ಈ ಕಾನೂನು ಮಾಡಿಕೊಂಡಳು.

ಅಕ್ಕನಿಗೆ ಕೆಮ್ಮು ಹಿಡಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೇಕರಿಯಲ್ಲಿ ಹಿಟ್ಟಿನ ಮೂಟೆ ಹೊತ್ತು ಹಾಕುವ ಗಟ್ಟಿಗಿತ್ತಿ ಅವಳು. ಹಿಟ್ಟು ಮೂಗಿಗೆ ಹೋಗಿರಬೇಕು ಬಿಡೇ ಅಂದಳು. ಆಮೇಲೆ ಜ್ವರ ಬಂತು, ಬಿಡಲಿಲ್ಲ. ಒಂದು ಬೆಳಿಗ್ಗೆ ಮಂಚದ ಅಂಚಿನಲ್ಲಿ ಕೂತು ಜಡೆ ಹಾಕಿಕೊಳ್ಳುತ್ತಿದ್ದಳು. ಅರ್ಧಕ್ಕೇ ಕೈ ಕೆಳಗಿಟ್ಟು, ಉಸಿರು ಎಳೆದುಕೊಂಡು, ಮತ್ತೆ ಎತ್ತಿದಳು. ಮತ್ತೆ ಇಳಿಸಿದಳು. ಈಗಲೇ ಹೊರಡೋಣ ಅಂದೆ.

ಅಮ್ಮ ಕೇಳಬೇಕಲ್ಲ! ಅಕ್ಕನ ಮುಖ ತೊಳೆಸಿ, ಪೌಡರು ಬಳಿದು, ಕೆಂಪು ಲಿಪ್‌ಸ್ಟಿಕ್ ಹಚ್ಚಿದಳು. ತುಟಿ ಒಣಗಿ ಬಿಳಿಚಿಕೊಂಡಿದೆ, ನೋಡಿದವರು ಏನಂದುಕೊಂಡಾರು ಅನ್ನುವುದು ಅವಳ ವಾದ. ಫೋಟೋ ತೆಗೆಸೋಕೆ ಹೊರಟಿದ್ದೀಯೇನೇ ಅಂತ ನಾನು ರೇಗಿಸಿದೆ. ಅಕ್ಕನಿಗೆ ನಗೋಕೂ ಉಸಿರು ಸಾಲಲಿಲ್ಲ.

ಆಸ್ಪತ್ರೆಯಲ್ಲಿ ಆ ದಿನ ಕಾಲಿಡಲು ಜಾಗವಿರಲಿಲ್ಲ. ಅಲಂಕಾರ ಕೆಲಸ ಮಾಡಿತು ಅಂತಲೇ ಹೇಳಬೇಕು. ನರ್ಸಮ್ಮ ಬಾಯ್ತುಂಬಾ ಮಾತಾಡಿಸಿ ಕುರ್ಚಿ ಕೊಟ್ಟಳು. ಅಕ್ಕನ ಬೆರಳಿಗೆ ಬಟ್ಟೆಗೆ ಸಿಕ್ಕಿಸೋ ಕ್ಲಿಪ್ಪಿನ ಥರದ್ದೊಂದು ಸಿಕ್ಕಿಸಿದಳು. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರಿಸುತ್ತದಂತೆ. ತೊಂಬತ್ತೈದು ಬಂತು. ಚೆನ್ನಾಗಿದೆ ಅಂದಳು.

ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದ. ಕಫ ಇದೆ, ಮಾತ್ರೆ ಕೊಡ್ತೀನಿ, ಆಕ್ಸಿಜನ್ ಚೆನ್ನಾಗಿರುವುದರಿಂದ ದಾಖಲು ಮಾಡುವ ಹಾಗಿಲ್ಲ, ಹಾಸಿಗೆ ಇರುವುದು ಅದು ಕಡಿಮೆ ಇರುವವರಿಗೆ ಅಂದ. ನನಗೆ ಪಿತ್ತ ನೆತ್ತಿಗೇರಿತು. ಇವಳ ಕೈಲಿ ಒಂದು ಮಾತು ಪೂರ್ತಿ ಆಡೋಕೆ ಆಗ್ತಿಲ್ಲ, ಕಿವಿಯಲ್ಲಿ ಕೇಳಿಸ್ತಿಲ್ವಾ ಅಂತ ಕೂಗಾಡಿದೆ. ಅವನು ತಾಳ್ಮೆಯಿಂದಲೇ ಹೇಳಿದ.

"ನೋಡಮ್ಮ, ನಿಮ್ಮವರಿಗೆ ಸ್ವಲ್ಪ ಗಾಬರಿ ಜಾಸ್ತಿ. ನಾನು ಬಾಯಿಮಾತು ನಂಬಲಾ, ಮಿಷನ್ ನಂಬಲಾ?"

ಅಮ್ಮ ನನ್ನ ತೋಳು ಚಿವುಟಿ ಬಾಯಿ ಮುಚ್ಚಿಸಿದಳು. ಡಾಕ್ಟರಿಗೆ ಎರಡು ಕೈ ಎತ್ತಿ ಮುಗಿದಳು. ಎಷ್ಟು ಮರ್ಯಾದೆಯಿಂದ ನಡೆಸಿಕೊಂಡರು ಅಂತ ದಾರಿಯುದ್ದಕ್ಕೂ ಅದನ್ನೇ ಹೇಳುತ್ತಾ ಬಂದಳು.

ಸಂಜೆ ಅಕ್ಕನಿಗೆ ಗಂಜಿ ಕುಡಿಸಿ ಬಾಯಿ ಒರೆಸಿದೆ. ಲಿಪ್‌ಸ್ಟಿಕ್ ಟವೆಲಿಗೆ ಬಂತು. ಕೆಳಗಿದ್ದ ತುಟಿ ಒಲೆಯ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹೇಗೆ ಆಟೋ ಹಿಡಿದೆನೋ, ಹೇಗೆ ಹತ್ತಿಸಿದೆನೋ ದೇವರೇ ಬಲ್ಲ. ಈ ಸಲ ಯಾರೂ ಒಳ್ಳೆ ಬಟ್ಟೆ ಹಾಕಿಕೊಳ್ಳಲಿಲ್ಲ.

ಬೂದಿ ಬಣ್ಣದ ತುಟಿ ನೋಡಿದ್ದೇ ಸ್ಟ್ರೆಚರ್ ತಂದರು, ಓಡಿಸಿಕೊಂಡು ಹೋದರು. ಬೆರಳಿಗೆ ಮತ್ತೆ ಅದೇ ಕ್ಲಿಪ್. ಆಗಲೂ ಅದು ತೊಂಬತ್ತರ ಮೇಲೇ ತೋರಿಸಿತು, ನನ್ನ ಕಣ್ಣಾರೆ ನೋಡಿದ್ದೇನೆ. ಆದರೆ ಮಣಿಕಟ್ಟಿಗೆ ಸೂಜಿ ಚುಚ್ಚಿ ರಕ್ತ ತೆಗೆದು ಪರೀಕ್ಷೆ ಮಾಡಿದಾಗ ಆಕ್ಸಿಜನ್ ಪಾತಾಳಕ್ಕಿಳಿದಿತ್ತು. ಬೆಳಿಗ್ಗೆ ಇವಳಿಗೆ ಇಲ್ಲ ಅಂದ ಹಾಸಿಗೆ ಈಗ ಸಿಕ್ಕಿತು. ಬೆಳಗಾಗುವಷ್ಟರಲ್ಲಿ ನಮ್ಮಕ್ಕ ಹೋಗಿಬಿಟ್ಟಳು.

ಹಿಂದಿನ ದಿನ ನೋಡಿದ್ದ ಅದೇ ಡಾಕ್ಟರು ಬಂದು ಅಮ್ಮನ ಮುಂದೆ ತಲೆ ತಗ್ಗಿಸಿ ನಿಂತ. ಪಾಪ, ಅವನ ಕಣ್ಣೂ ಕೆಂಪಾಗಿತ್ತು. ಆದರೆ ಬಾಯಿಂದ ಬಂದದ್ದು ಏನು ಗೊತ್ತೇ? ತುಟಿಗೆ ಬಣ್ಣ ಹಚ್ಚದಿದ್ದರೆ ಮೊದಲೇ ಗೊತ್ತಾಗುತ್ತಿತ್ತೇನೋ, ಹುಷಾರಿಲ್ಲದವರನ್ನು ಕರೆತರುವಾಗ ಹಾಗೆಲ್ಲ ಮಾಡಬಾರದು ಅಂತ. ಅಮ್ಮ ಹೂಂ ಅಂದಳು. ಅಲ್ಲಿಂದ ಮುಂದೆ ಅವಳು ಅಳಲಿಲ್ಲ.

ನಾನು ಬಿಡುವ ಪೈಕಿಯಲ್ಲ. ಕಾಗದಪತ್ರ ತರಲು ಹೋದ ದಿನ ವಾರ್ಡಿನ ದೊಡ್ಡ ಡಾಕ್ಟರಮ್ಮನನ್ನು ಬಾಗಿಲಲ್ಲೇ ಅಡ್ಡಗಟ್ಟಿದೆ. ತುಟಿ ಬೂದಿಯಾದಾಗಲೂ ಆ ಕ್ಲಿಪ್ ಚೆನ್ನಾಗಿದೆ ಅಂತ ಹೇಗೆ ತೋರಿಸಿತು ಅಂತ ಕೇಳಿದೆ. ಆಕೆ ನನ್ನ ಕೈ ನೋಡಿದಳು, ತನ್ನ ಬಿಳಿ ಕೈ ನೋಡಿಕೊಂಡಳು. ಅದು ಚರ್ಮದ ಮೂಲಕ ಬೆಳಕು ಹಾಯಿಸಿ ಲೆಕ್ಕ ಹಾಕುತ್ತೆ, ಕಪ್ಪು ಚರ್ಮ ಇದ್ದರೆ ಕೆಲವು ಸಲ ಇರುವುದಕ್ಕಿಂತ ಜಾಸ್ತಿ ತೋರಿಸುತ್ತೆ ಅಂದಳು.

"ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಓದಿರ್ತೀವಿ," ಅಂದಳು. "ಕೆಲಸದ ಗಡಿಬಿಡಿಯಲ್ಲಿ ನೆನಪಿಗೆ ಬರಲ್ಲ."

ನಮ್ಮ ಬೀದಿಯಲ್ಲಿ ಗಾಳಿಸುದ್ದಿಗೂ ರೆಕ್ಕೆ ಇದೆ, ಈ ಒಂದು ಮಾತನ್ನು ಇಲ್ಲಿಯವರೆಗೆ ಯಾರೂ ನಮಗೆ ಹೇಳಿರಲಿಲ್ಲ. ಸಿಟ್ಟಿನ ಜೊತೆ, ಸುಳ್ಳು ಯಾಕೆ ಹೇಳಲಿ, ಒಂಚೂರು ಸಮಾಧಾನವೂ ಆಯಿತು. ಅಮ್ಮನ ತಲೆ ಮೇಲಿನ ಭಾರ ಇಳಿಸಬಹುದಲ್ಲ ಅಂತ. ಮನೆಗೆ ಬಂದವಳೇ ಅಡುಗೆಮನೆಯ ನೆಲದ ಮೇಲೆ ಅವಳ ಎದುರು ಕೂತು ಎಲ್ಲ ಬಿಡಿಸಿ ಹೇಳಿದೆ. ಅವಳು ಪಾತ್ರೆ ಉಜ್ಜುವುದು ನಿಲ್ಲಿಸಲಿಲ್ಲ.

"ಕೇಳಿಸ್ತೇನಮ್ಮಾ? ಲಿಪ್‌ಸ್ಟಿಕ್ ಹಚ್ಚಿದ್ದು ನೀನಾದರೂ ನಿನ್ನ ತಪ್ಪಲ್ಲ. ಆ ಮಿಷನ್‌ಗೆ ನಮ್ಮ ಬಣ್ಣದಲ್ಲಿ ಸರಿಯಾಗಿ ಕಾಣಲ್ಲ."

ಅಮ್ಮನ ಕೈ ಈಗ ನಿಂತಿತು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಅಕ್ಕನದೇ ಬಣ್ಣ ನನ್ನದೂ. ಸೋಪಿನ ಕೈಯಲ್ಲೇ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಹಾಗನ್ನಬೇಡ ಕಣೇ. ನನ್ನ ತಪ್ಪೇ ಇರಲಿ ಬಿಡು. ನನ್ನದಾದ್ರೆ ನಾಳೆ ನಿನಗೇನಾದ್ರೂ ಆದಾಗ ನಾನು ತಿದ್ಕೋಬಹುದು. ಅವರದಾದ್ರೆ, ನಿನ್ನನ್ನ ಎಲ್ಲಿಗೆ ಕರ್ಕೊಂಡು ಹೋಗ್ಲಿ?"