ಒಂಬತ್ತನೇ ಕೊಠಡಿಯ ಕಲ್ಲು

ಕಲ್ಲಿನ ಅಂಚು ಕಾಲಿನ ಹೆಬ್ಬೆರಳಿಗೆ ತಾಗಿ ಇನ್ನೂ ತಣ್ಣಗೇ ಇದೆ, ಇಷ್ಟು ಬಿಸಿಲಲ್ಲೂ, ಗೋಣಿಚೀಲದೊಳಗಿದ್ದರೂ — ಬಸ್ಸು ತಿಪಟೂರು ಬಿಟ್ಟು ಹತ್ತು ನಿಮಿಷವಾಗಿರಬಹುದು, ಕಿಟಕಿಯಾಚೆ ತೆಂಗಿನ ತೋಟ, ತೋಟ ಮುಗಿದರೆ ಸುಲಿದ ಮಟ್ಟೆಯ ರಾಶಿ, ರಾಶಿ ಮುಗಿದರೆ ಮತ್ತೆ ತೋಟ, ಕರಿಬಸವಯ್ಯ ಕಾಲನ್ನು ಒಂಚೂರು ಹಿಂದಕ್ಕೆಳೆದುಕೊಂಡ, ಹತ್ತು ಕೆಜಿ ಕಲ್ಲು, ಅರವತ್ತೆರಡರ ಮೊಣಕಾಲು, ಎರಡಕ್ಕೂ ಹೊಂದುವುದಿಲ್ಲ. ಏನಜ್ಜ ಅದು ಎಂದು ಕಂಡಕ್ಟರ್ ಆಗಲೇ ಕೇಳಿದ್ದ, ಕಲ್ಲು ಕಣಪ್ಪ ಅಂದರೆ ಯಾರ್ದು, ಸಮಾಧಿಗಾ ಎಂದು ದನಿ ತಗ್ಗಿಸಿ, ಲಗೇಜಿನ ಚೀಟಿ ಹರಿಯಲು ಹೋದವನು ಹರಿಯದೆ ಮುಂದೆ ಸರಿದ — ಸತ್ತವರ ಕೆಲಸಕ್ಕೆ ಕಾಸು ಕೇಳುವಷ್ಟು ಕೆಟ್ಟವನಲ್ಲ ಪಾಪ, ಕರಿಬಸವಯ್ಯನೂ ತಿದ್ದಲಿಲ್ಲ, ಇತ್ತೀಚೆಗೆ ಅವನು ಯಾರನ್ನೂ ತಿದ್ದುವುದಿಲ್ಲ. ಸಮಾಧಿಯದಲ್ಲ, ಬಾಗಿಲ ಮೇಲಿದ್ದದ್ದು, ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಒಂಬತ್ತನೇ ಕೊಠಡಿಯ ಬಾಗಿಲ ಮೇಲೆ ಅರವತ್ತು ವರ್ಷ ಇದ್ದದ್ದು, ಕೆತ್ತಿದ ಅಕ್ಷರ ಇಷ್ಟೇ, ನೊಣವಿನಕೆರೆ ಶಂಭುಲಿಂಗಯ್ಯನವರ ಸೇವೆ, ಸಾವಿರ ಉಂಡೆ ಕೊಬ್ಬರಿ. ರೂಪಾಯಿ ಅಂತ ಎಲ್ಲೂ ಕೆತ್ತಿಲ್ಲ, ಆಗಿನವರು ಕೊಟ್ಟದ್ದು ಕೊಬ್ಬರಿಯನ್ನೇ, ಕಾಯಿಯನ್ನು ಹನ್ನೊಂದು ತಿಂಗಳು ಅಟ್ಟದ ಮೇಲಿಟ್ಟು, ಇಳಿಸಿ, ಒಡೆದು, ಗಾಡಿಗೆ ತುಂಬಿ, ಮಾರಿ ಬಂದದ್ದರಲ್ಲಿ ಒಂದೊಂದು ಊರಿನ ಹೆಸರಿನಲ್ಲಿ ಒಂದೊಂದು ಕೊಠಡಿ ಎಬ್ಬಿಸಿ, ನಮ್ಮ ಮೂರು ತಾಲೂಕಿನ ಮಕ್ಕಳು ಬೆಂಗಳೂರಲ್ಲಿ ಬಾಡಿಗೆ ಕೊಡದೆ ಓದಲಿ ಅಂದವರು, ಹನ್ನೆರಡು ಕೊಠಡಿ, ಹನ್ನೆರಡು ಕಲ್ಲು, ಅರವತ್ತು ಹುಡುಗರು, ಒಬ್ಬ ಅಡುಗೆಯವನು — ಆ ಒಬ್ಬ ತಾನು, ಮೂವತ್ತನಾಲ್ಕು ವರ್ಷ, ಹುಡುಗರ ಬಾಯಲ್ಲಿ ಬಸಣ್ಣ.

ಹೋದ ವರ್ಷ ಹಾಸ್ಟೆಲ್ಲಿನ ಸಂಘದವರು ಕಟ್ಟಡವನ್ನು ಒಂದು ಕಂಪನಿಗೆ ಮೂವತ್ತು ವರ್ಷದ ಲೀಸಿಗೆ ಕೊಟ್ಟರು, ನಡೆಸೋದ್ ಮಾತ್ರ ಖಾಸಗಿಯೋರು ಕಣಯ್ಯಾ, ಆಸ್ತಿ ನಮ್ದೇ ಎಂದು ಕಾರ್ಯದರ್ಶಿಗಳು ಹೇಳಿದಾಗ ಕರಿಬಸವಯ್ಯ ಹೌದು ಸ್ವಾಮಿ ಅಂದಿದ್ದ, ಹೌದು ಅನ್ನುವುದು ಅವನಿಗೆ ಉಪ್ಪು ಹಾಕಿದಷ್ಟೇ ಅಭ್ಯಾಸ. ಮೆಟ್ರೋ ಕಂಬಗಳೆದ್ದ ಮೇಲೆ ಆ ಬೀದಿಯಲ್ಲಿ ಯಾವುದು ತಾನೇ ಇದ್ದ ಹಾಗಿದೆ, ಎದುರಿನ ಸೀಮೆಎಣ್ಣೆ ಡಿಪೋ ಇದ್ದಲ್ಲಿ ಮುನ್ನೂರು ರೂಪಾಯಿಯ ಕಾಫಿ, ಇಸ್ತ್ರಿ ಮಾರಯ್ಯನ ಗಾಡಿ ನಿಲ್ಲುತ್ತಿದ್ದ ಹೊಂಗೆಯ ನೆರಳಲ್ಲಿ ಪಾರ್ಕಿಂಗು, ಮಾರಯ್ಯ ಮನೆ ಬಾಡಿಗೆ ತಾಳಲಾರದೆ ನೆಲಮಂಗಲದ ಕಡೆ ಹೋದ, ಒಂದಷ್ಟು ದಿನ ಎರಡು ಬಸ್ಸು ಬದಲಿಸಿ ಬಂದ, ಆಮೇಲೆ ಬರಲಿಲ್ಲ, ಯಾರೂ ಯಾಕೆ ಎಂದು ಕೇಳಲಿಲ್ಲ, ಆ ಬೀದಿಯಲ್ಲೀಗ ಬಾರದವರ ಬಗ್ಗೆ ಕೇಳುವವರೂ ಖಾಲಿ. ಕಂಪನಿಯವರು ಒಂದೊಂದು ಕೊಠಡಿಗೂ ನಡುವೆ ಹಲಗೆ ಹೊಡೆದು ಎರಡು ಮಾಡಿದರು, ಕಿಟಕಿ ಒಂದೇ, ಅರ್ಧ ಗಾಳಿ ಈ ಕಡೆಗೆ ಅರ್ಧ ಆ ಕಡೆಗೆ, ಹಾಸಿಗೆಗೆ ತಿಂಗಳಿಗೆ ಹದಿನೆಂಟು ಸಾವಿರ, ಊಟ ಮೊಬೈಲಿನಲ್ಲಿ ತರಿಸಿಕೊಳ್ಳಬೇಕು, ಒಲೆ ಕಿತ್ತ ಜಾಗದಲ್ಲಿ ಬಟ್ಟೆ ಒಗೆಯುವ ಮಷೀನುಗಳು ಸಾಲಾಗಿ ಗುಡುಗುಡು ಅನ್ನುತ್ತವೆ — ಅರವತ್ತು ಮುದ್ದೆ ಕಟ್ಟಿದ ಜಾಗ, ಹಬ್ಬಕ್ಕೆ ಹೋಳಿಗೆ ಬೇಯಿಸಿದ ಜಾಗ, ಬುಡು, ಜಾಗಕ್ಕೇನು ಗೊತ್ತು. ಮ್ಯಾನೇಜರ್ ಪುನೀತ್ ಮಾತ್ರ ಒಳ್ಳೆಯ ಹುಡುಗ, ಸರ್ ಎಂದೇ ಕರೆಯುತ್ತಾನೆ, ಕರಿಬಸವಯ್ಯನನ್ನು ಹುಟ್ಟಿದಾಗಿನಿಂದ ಯಾರೂ ಸರ್ ಅಂದಿರಲಿಲ್ಲ, ಸರ್ ನೀವಿರೋ ಸ್ಟೋರ್ ರೂಮು ಮೂವತ್ತನೇ ತಾರೀಖಿಗೆ ಖಾಲಿ ಆದ್ರೆ ಅನುಕೂಲ ಆಗತ್ತೆ ಸರ್, ಅಷ್ಟು ಮರ್ಯಾದೆಯಿಂದ ಆಚೆ ಹಾಕಿದರೆ ಜಗಳವಾಡುವುದಾದರೂ ಹೇಗೆ. ಹುಡುಕಿದ, ಹುಡುಕದೆ ಇದ್ದಾನೆಯೇ, ಕಾಮಾಕ್ಷಿಪಾಳ್ಯದಲ್ಲಿ ಮಹಡಿ ಮೆಟ್ಟಿಲ ಕೆಳಗಿನ ಕೋಣೆ, ಎದ್ದು ನಿಂತರೆ ತಲೆ ತಾಗುತ್ತದೆ, ಎಂಟು ಸಾವಿರ, ಹತ್ತು ತಿಂಗಳ ಅಡ್ವಾನ್ಸು, ಎಷ್ಟ್ ಜನ ಎಂದಳು ಮನೆಯೊಡತಿ, ಒಬ್ನೇ ಕಣಮ್ಮ ಅಂದ, ಒಂಟಿ ಗಂಡಸ್ರಿಗೆ ಕೊಡಲ್ಲ ಕಣ್ರೀ ಅಂದಳು, ಬಾಗಿಲು ಹಾಕುವ ಮುಂಚೆ ಕುಡಿಯಲು ನೀರು ಬೇಕಾ ಎಂದೂ ಕೇಳಿದಳು. ಇವತ್ತು ಇಪ್ಪತ್ತೆಂಟು, ಹೊದಿಕೆ, ಎರಡು ಜೊತೆ ಬಟ್ಟೆ ಆಗಲೇ ಬಗಲ ಚೀಲದಲ್ಲಿವೆ.

ಕೆಲಸದವರು ಕಲ್ಲುಗಳನ್ನು ಕಿತ್ತು ಅಂಗಳದಲ್ಲಿ ಗಾರೆ ಚೂರಿನ ಜೊತೆ ಎಸೆದಿದ್ದರು, ಆರು ಒಡೆದಿದ್ದವು, ಉಳಿದ ಆರನ್ನು ಅವನು ಸ್ಟೋರ್ ರೂಮಿಗೆ ತಂದು ಒರೆಸಿಟ್ಟ, ವಾರಕ್ಕೊಂದರಂತೆ ಹೊತ್ತು ಆಯಾ ಮನೆಗೆ ತಲುಪಿಸಿದ, ಇದು ಕೊನೆಯದು. ಬರೀ ಕಲ್ಲಿನ ಮೇಲಿನ ಭಕ್ತಿ ಅಂದರೆ ಅದು ಪೂರ್ತಿ ನಿಜವಲ್ಲ — ಆಸೆ ಇತ್ತು, ಈಗಲೂ ಇದೆ, ಈ ಮನೆಗಳ ಮಕ್ಕಳಿಗೆಲ್ಲ ಬಡಿಸಿದ ಕೈ ಇದು, ಒಬ್ಬರಾದರೂ ಇಲ್ಲೇ ಇದ್ಬುಡಿ ಅಂದಾರು, ತೋಟದ ಮನೆ, ಪಂಪ್‌ಸೆಟ್ಟಿನ ಕೋಣೆ, ಯಾವುದಾದರೂ, ಕೇಳಲು ನಾಲಿಗೆ ಏಳುವುದಿಲ್ಲ, ಅವರೇ ಅನ್ನಬೇಕು. ಹಂದನಕೆರೆಯ ಅಜ್ಜಿ ಕಲ್ಲು ಕಂಡು ಎದೆ ಹಿಡಿದುಕೊಂಡಿತು, ತೀರಿಹೋಗಿ ನಲವತ್ತು ವರ್ಷವಾದ ಮಾವನ ಹೆಸರು ಗೋಣಿಚೀಲದಲ್ಲಿ ಮನೆಗೆ ಬಂದರೆ ಯಾರಿಗಾದರೂ ಗಾಬರಿಯೇ, ಒಳಗ್ ಬ್ಯಾಡ ಕಣಪ್ಪ, ಐನೋರ್ನ ಕೇಳೋಗಂಟ ಆಚೆಗೇ ಇರ್ಲಿ. ದಬ್ಬೇಘಟ್ಟದಲ್ಲಿ ಅದು ಬಟ್ಟೆ ಒಗೆಯುವ ಕಲ್ಲಾಯಿತು, ಅಕ್ಷರ ಕೆಳಗೆ ಮಾಡಿ ಹಾಕಿದರು, ಹೆಸರಿನ ಮೇಲೆ ಬಟ್ಟೆ ಬಡಿಯಬಾರದಂತೆ, ಅದೂ ಒಂದು ಮರ್ಯಾದೆಯೇ. ಎಲ್ಲರೂ ಕಾಫಿ ಕೊಟ್ಟರು, ಎಲ್ಲರೂ ಕೇಳಿದರು ಕೂಡ, ಮುಂದೆ ಎಲ್ಲಿರ್ತೀರಿ ಅಂತ, ಕೇಳಿದ ಕೂಡಲೇ ಈ ಹಾಳು ಬಾಯಿ ತಾನಾಗಿಯೇ ನನಗೇನ್ ಬುಡಿ, ಬಾಣಾವರದಲ್ಲಿ ತಂಗಿ ಮನೆ ಐತೆ ಅಂದುಬಿಡುತ್ತದೆ. ತಂಗಿ ಸತ್ತು ಇಪ್ಪತ್ತೆರಡು ವರ್ಷ, ಅವಳ ಗಂಡನೂ ಹೋದ, ಆ ಮನೆಯನ್ನು ಅವನ ಅಣ್ಣತಮ್ಮಂದಿರು ಮಾರಿಕೊಂಡರು, ಆದರೆ ಹೇಳಿದಷ್ಟೂ ಆ ಮನೆ ಎದ್ದು ನಿಲ್ಲುತ್ತಿದೆ, ಹಂದನಕೆರೆಯಲ್ಲಿ ಬರೀ ಮನೆ, ಎರಡನೆಯ ಊರಿನಲ್ಲಿ ಅದಕ್ಕೊಂದು ಜಗಲಿ, ದಬ್ಬೇಘಟ್ಟದಲ್ಲಿ ಬೇರೆಯೇ ಕೋಣೆ, ಫ್ಯಾನು, ಮಲ್ಲಿಗೆ ಬಳ್ಳಿ, ತಂಗಿ ದಿನಾ ಫೋನ್ ಮಾಡ್ತಾಳೆ ಅಣ್ಣ ಯಾವಾಗ ಬತ್ತೀಯ ಅಂತ — ಬಾಗಿಲು ತೆರೆಯಲಿ ಎಂದು ಹೋದವನು ತಾನೇ ಕೈಯಾರೆ ಚಿಲಕ ಹಾಕಿಕೊಂಡು ಬರುತ್ತಾನೆ, ಐದು ಮನೆಯಲ್ಲೂ. ಇವತ್ತು ಹೇಳುವುದಿಲ್ಲ, ಇವತ್ತು ಕೇಳಿದರೆ ಇಲ್ಲ ಅಂತೀನಿ, ಎಲ್ಲೂ ಇಲ್ಲ ಅಂತೀನಿ, ಎರಡೇ ಮಾತು — ಅಷ್ಟರಲ್ಲಿ ನೊಣವಿನಕೆರೆ ಇಳಿಯೋರು ಎಂದು ಕಂಡಕ್ಟರ್ ಕೂಗಿ ತಾನೇ ಗೋಣಿಚೀಲಕ್ಕೊಂದು ಕೈ ಕೊಟ್ಟು ಇಳಿಸಿದ, ಹುಷಾರು ಕಣಜ್ಜ ಅಂದ.

ಮಠದ ಬೀದಿ ದಾಟಿ, ಕೇಳಿಕೊಂಡು, ಎರಡು ಕಡೆ ಕೂತು ಸುಧಾರಿಸಿಕೊಂಡು ಬಂದರೆ ಅಂಗಳದಲ್ಲಿ ಕಾಯಿ ಒಡೆಯುತ್ತಿದ್ದ ನರೆತ ಮೀಸೆಯವನು ಮಚ್ಚು ಕೆಳಗಿಟ್ಟು ಎದ್ದ, ಬಸಣ್ಣ ಅಂದ, ಅಷ್ಟಕ್ಕೇ ಗೊತ್ತಾಯಿತು, ರುದ್ರೇಶ, ಶಂಭುಲಿಂಗಯ್ಯನವರ ಮೊಮ್ಮಗ, ತಾತ ಕಟ್ಟಿಸಿದ ಕೊಠಡಿಯಲ್ಲೇ ಇದ್ದು ಓದಿದವನು, ಮುದ್ದೆ ಕಂಡರೆ ಮುಖ ಕಿವುಚುತ್ತಿದ್ದವನು. ಅವನ ತಾಯಿ ಗಿರಿಜಾಂಬಿಕಾ ಕಲ್ಲನ್ನು ಜಗಲಿಯ ಮೇಲೆ ಇಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿದರು, ಹೆದರಲಿಲ್ಲ, ಇಷ್ಟ್ ಕೊಬ್ರಿ ಕೊಟ್ ವರ್ಷ ಮನೇಲಿ ಸಾರಿಗೆ ತುರ್ಯಕ್ಕೂ ಕಾಯಿರ್ಲಿಲ್ವಂತೆ ಕಣ್ರೀ, ನಮ್ಮತ್ತೆ ಹೇಳೋರು, ಬೇಜಾರಲ್ಲಿ ಅಲ್ಲ, ಜಂಬದಲ್ಲಿ. ನಮ್ ನಿಸರ್ಗ ಬೆಂಗ್ಳೂರಲ್ಲೇ ಓದ್ತಾಳೆ ಬಸಣ್ಣ, ಪೀಜಿಗೆ ತಿಂಗ್ಳಿಗೆ ಹದಿನಾಲ್ಕು ಸಾವಿರ ಕಟ್ತೀನಿ ಎಂದು ರುದ್ರೇಶ ಕಲ್ಲಿನ ಕಡೆ ನೋಡಿಕೊಂಡು ಅಂದ. ಮಂಡಕ್ಕಿ ಬಂತು, ಕಾಫಿ ಬಂತು, ಲೋಟ ಬಿಸಿಯಾಗಿತ್ತು, ಆಗ ಗಿರಿಜಾಂಬಿಕಾ ಕೇಳಿಯೇಬಿಟ್ಟರು, ಅಲ್ಲಾ ಕರಿಬಸವಯ್ಯನೋರೆ, ಇನ್ನ್ ಮುಂದೆ ನೀವೆಲ್ಲಿರ್ತೀರಿ — ಎರಡು ಮಾತು, ಇಲ್ಲ, ಎಲ್ಲೂ ಇಲ್ಲ, ನಾಲಿಗೆಯ ತುದಿಗೆ ಬಂದಿತ್ತು, ಆಕೆಯ ಕಣ್ಣಲ್ಲಿ ಅಷ್ಟು ಕನಿಕರ ಇರದಿದ್ದರೆ ಆಡಿಬಿಡುತ್ತಿದ್ದನೋ ಏನೋ, ನನಗೇನವ್ವ, ಬಾಣಾವರದಲ್ಲಿ ತಂಗಿ ಅವ್ಳೆ, ನನಗೇ ಅಂತ ಕೋಣೆ ಮಡಗವ್ಳೆ, ಮಲ್ಲಿಗೆ ಬಳ್ಳಿ ಮಹಡಿಗಂಟ ಹಬ್ಬೈತೆ — ಮಹಡಿ, ಇವತ್ತು ಮಹಡಿಯೂ ಎದ್ದಿತು, ಥೂ. ಒಂದ್ ನೆಲೆ ಆಯ್ತಲ್ಲ ಬುಡಿ ಎಂದು ಆಕೆ ನಿಜವಾಗಿ ಸಂತೋಷಪಟ್ಟರು, ರುದ್ರೇಶ ಕಾಫಿ ಲೋಟವನ್ನೇ ನೋಡುತ್ತಿದ್ದ.

ಬಸ್ಸಿಗೆ ಹೊತ್ತಾಯ್ತು ಎಂದು ಎದ್ದವನ ಹಿಂದೆಯೇ ರುದ್ರೇಶ ಗೇಟಿನವರೆಗೂ ಬಂದ, ತಾಯಿಗೆ ಕೇಳಿಸದಷ್ಟು ದೂರ ಬಂದ ಮೇಲೆ ಮೆಲ್ಲಗೆ, ಬೈಯುವ ದನಿಯಲ್ಲ, ಬಸಣ್ಣ, ಆವತ್ತು ಬಾಣಾವರಕ್ಕೆ ನಿನ್ ಜೊತೆ ಬಂದಿದ್ದು ನಾನೇ ಅಲ್ವಾ ಅಂದ. ಯಾವತ್ತು, ಹೌದು, ತಂಗಿಯನ್ನು ಮಣ್ಣು ಮಾಡಿದ ದಿನ ಯಾವನೋ ಹುಡುಗ ಜೊತೆಗಿದ್ದ, ಪರೀಕ್ಷೆ ಇದ್ದರೂ ರೈಲು ಹತ್ತಿದ್ದ, ಮುಖವೇ ನೆನಪಿಲ್ಲ, ಅವತ್ತು ಯಾರ ಮುಖ ತಾನೇ ಕಂಡಿತ್ತು, ತಂಗಿಯ ಹಣೆಯ ವಿಭೂತಿ ಮಾತ್ರ ಕಂಡಿತ್ತು, ಆಮೇಲೆ ಒಂದು ಕೈ, ಹೌದು ಕೈ, ಎಲ್ಲರೂ ಮಣ್ಣು ಹಾಕಿ ಸರಿದರೂ ಹುಡುಗನೊಬ್ಬ ಗುಂಡಿಯ ಅಂಚಿನಲ್ಲಿ ಹಿಡಿ ಮಣ್ಣು ಹಿಡಿದು ನಿಂತೇ ಇದ್ದ, ಹಾಕಬಹುದೋ ಬಾರದೋ ತಿಳಿಯದೆ, ನೆಂಟನಲ್ಲವಲ್ಲ, ಕೆಂಪು ಮಣ್ಣು ಬೆರಳ ಸಂದಿನಿಂದ ಉದುರುತ್ತಿತ್ತು, ಹಾಕಪ್ಪ, ನೀನೂ ಅವಳಿಗೆ ಅಣ್ಣನೇ ಎಂದದ್ದು ತಾನೇ, ಆಡಿ ಮರೆತವನೂ ತಾನೇ, ಅವನು ಮರೆತಿಲ್ಲ — ಇಪ್ಪತ್ತೆರಡು ವರ್ಷ, ಆ ಕೈ ಮುಷ್ಟಿ ಬಿಚ್ಚಿ ಮಣ್ಣು ಬಿಟ್ಟದ್ದು, ಆಮೇಲೂ ಹಾಗೇ ತೆರೆದುಕೊಂಡಿದ್ದದ್ದು. ನಾನೇನು ಹೇಳಲಿ ಇವನಿಗೆ, ಸುಳ್ಳು ಅಲ್ಲ ಕಣಪ್ಪ, ನಾಚಿಕೆ, ಬಗಲಲ್ಲಿರುವ ಚೀಲದ ಭಾರ ಇವನಿಗೆ ಆಗಲೇ ಗೊತ್ತಾಗಿರಬೇಕು, ಬೆಳಗ್ಗೆ ಬಂದು ಸಂಜೆ ಹೋಗುವವನು ಹೊದಿಕೆ ಹೊತ್ತುಕೊಂಡು ಬರುವುದಿಲ್ಲ, ಬಸ್ಸಿನ ಹಾರ್ನು ಎಲ್ಲೋ ಕೂಗುತ್ತಿದೆ, ಚೀಲ ಇತ್ತ ಕೊಡಣ್ಣ ಅನ್ನುತ್ತಿದ್ದಾನೆ ರುದ್ರೇಶ, ಒಳಗಿಂದ ಅವನ ತಾಯಿ ಯಾಕ್ಲಾ, ಹೊರಟ್ರಾ ಎಂದು ಕೇಳುತ್ತಿದ್ದಾರೆ, ಇಲ್ಲ ಕಣವ್ವ, ಇರ್ತಾರೆ ಅನ್ನುತ್ತಿದ್ದಾನೆ, ಕಾಯಿನಾರು ಅಂಟಿದ ಅಂಗೈ, ಹೆಬ್ಬೆರಳ ಬುಡದಲ್ಲಿ ಮಚ್ಚಿನ ಹಳೆಯ ಗಾಯ, ಕೈ ಮುಂದಕ್ಕೆ ಬಂದಿದೆ, ಕೊಡಣ್ಣ, ಕರಿಬಸವಯ್ಯನ ಬೆರಳುಗಳು ಚೀಲದ ಪಟ್ಟಿಯನ್ನು ಬಿಡುತ್ತಿಲ್ಲ, ಬಿಡಬೇಕು, ಆ ಕೈ ಕಾಯುತ್ತಿದೆ, ತೆರೆದ ಕೈ, ಇನ್ನೂ ತೆರೆದೇ ಇದೆ.