ಗೋಡೆಗೆ ಹೇಳಿದ ಇಂಗ್ಲಿಷು

ಸಣ್ಣಕ್ಕನ ಗಂಡ ಮನೆಯಲ್ಲಿ ಆಡುವ ಮಾತಿಗೆ ತಲೆಯೂ ಇರುತ್ತಿರಲಿಲ್ಲ, ಬಾಲವೂ ಇರುತ್ತಿರಲಿಲ್ಲ. “ನೀರು” ಅಂದರೆ ನೀರು ಬರಬೇಕು. “ಟವೆಲ್ಲು” ಅಂದರೆ ಟವೆಲ್ಲು. “ಫ್ಯಾನು” ಅಂದರೆ ಹಾಕು ಅಂತಲೋ ಆರಿಸು ಅಂತಲೋ ಅವನ ಮುಖ ನೋಡಿ ತಿಳಿದುಕೊಳ್ಳಬೇಕು. ಕೆಟ್ಟವನೇನಲ್ಲ, ಸುಳ್ಳು ಯಾಕೆ ಹೇಳಬೇಕು? ಒಂದು ದಿನ ಕೈ ಎತ್ತಿದವನಲ್ಲ, ಕುಡಿದು ಬಂದವನಲ್ಲ. ದೊಡ್ಡ ಹೋಟೆಲೊಂದರ ಮುಂಬಾಗಿಲಲ್ಲಿ ದಿನಕ್ಕೆ ಒಂಬತ್ತು ಗಂಟೆ ನಿಂತು, ಬಂದವರಿಗೆಲ್ಲ ಬಾಗಿಲು ತೆಗೆದು, ಸಲಾಮು ಹೊಡೆದು, ಹಲ್ಲು ಕಿರಿದು ಮನೆಗೆ ಬರುವಷ್ಟರಲ್ಲಿ ಅವನ ಬಾಯಲ್ಲಿ ಉಳಿಯುತ್ತಿದ್ದದ್ದೇ ಅಷ್ಟು.

ಸಣ್ಣಕ್ಕ ಅನ್ನುವುದು ಓಣಿಯವರು ಇಟ್ಟ ಹೆಸರು. ಕಿಟಕಿಯ ಪಕ್ಕ ಹೊಲಿಗೆ ಮಷೀನು ಹಾಕಿಕೊಂಡು, ಓಣಿಯವರ ಪ್ಯಾಂಟು ಮೋಟು ಮಾಡುತ್ತ, ಕೆಟ್ಟ ಜಿಪ್ಪು ಬದಲಿಸುತ್ತ ಕೂತಿರುವವಳು. ಅವಳ ಮಾತು ಗಂಡನ ಮಾತಿಗೆ ಪೂರ್ತಿ ಉಲ್ಟಾ. ಏನನ್ನೂ ಕೇಳುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ, “ನಮ್ಮನೇಲಿ ಹೆಂಗಸರು ಬಾಯಿಬಿಟ್ಟು ಕೇಳೋ ಪದ್ಧತಿ ಇಲ್ಲ” ಅಂದಿದ್ದರು. ಹಾಗಾದರೆ ಇರುವ ಪದ್ಧತಿ ಯಾವುದು ಅಂದರೆ, ಗೋಡೆಗೆ ಹೇಳುವುದು. “ಸಕ್ಕರೆ ಡಬ್ಬ ಯಾಕೋ ಬಹಳ ಹಗುರ ಆಗಿದೆ” ಅಂತ ಗೋಡೆಗೆ ಹೇಳಿದರೆ ಸಂಜೆ ಸಕ್ಕರೆ ಬರುತ್ತಿತ್ತು. “ಚಪ್ಪಲಿ ಕಿತ್ತುಹೋದರೆ ಜನ ಹೇಗೆ ನಡೀತಾರೋ” ಅಂದರೆ ನಾಲ್ಕು ದಿನಕ್ಕೆ ಚಪ್ಪಲಿ. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಪದ್ಧತಿ ಮಾತ್ರ ಗಟ್ಟಿಮುಟ್ಟಾಗಿತ್ತು.

ಆದರೆ ಗೋಡೆಗೂ ಕೆಲವು ಮಾತು ಕೇಳಿಸುವುದಿಲ್ಲ. ಅವಳ ಅಕ್ಕನಿಗೆ ಕಣ್ಣಿನ ಆಪರೇಷನ್ನು ನಿಕ್ಕಿಯಾಗಿತ್ತು, ಬರುವ ಗುರುವಾರ. ಅಕ್ಕ ಇರುವುದು ತವರಿನ ಹಳೇ ಮನೆಯಲ್ಲಿ, ಬಸ್ಸಿನಲ್ಲಿ ಐದು ಗಂಟೆಯ ದಾರಿ. ಗಂಡನಿಲ್ಲ, ಮಕ್ಕಳಿಲ್ಲ. ಫೋನು ಮಾಡಿ, “ಬಂದು ಹದಿನೈದು ದಿನ ಇರೇ. ನಿನ್ನ ಬಿಟ್ರೆ ನಂಗ್ಯಾರಿದಾರೆ?” ಅಂದಿದ್ದಳು. ಸಣ್ಣಕ್ಕ ಬರುತ್ತೀನಿ ಅಂದುಬಿಟ್ಟಿದ್ದಳು. ಮೂವತ್ತೊಂದು ವರ್ಷದಲ್ಲಿ ಒಂದು ರಾತ್ರಿಯೂ ಗಂಡನ ಮನೆ ಬಿಟ್ಟು ಮಲಗದವಳು, ಯಾವ ಧೈರ್ಯದ ಮೇಲೆ ಹಾಗಂದಳೋ ಅವಳಿಗೇ ಗೊತ್ತಿಲ್ಲ. ಹೇಗಾದರೂ ಮಾಡಿ ಹೋಗಲೇಬೇಕಿತ್ತು. ಗಂಡ ಊಟಕ್ಕೆ ಕೂತಾಗ ಗೋಡೆಗೆ ಹೇಳಿದಳು.

“ಅಕ್ಕನ ಕಣ್ಣಿಗೆ ಆಪರೇಷನ್ನಂತೆ.”

“ಹೂಂ” ಅಂದ ಗಂಡ.

ಮಾರನೆಯ ದಿನ, “ಹದಿನೈದು ದಿನ ತಲೆ ಬಗ್ಗಿಸೋ ಹಾಗಿಲ್ಲವಂತೆ.”

“ಹೂಂ.”

ಅದರ ಮಾರನೆಯ ದಿನ, “ಜೊತೆಗೆ ಇರೋಕೆ ಯಾರೂ ಇಲ್ಲವಂತೆ.”

“ಪಾಪ” ಅಂದು ಗಂಡ ಕೈ ತೊಳೆಯಲು ಎದ್ದ.

ಅವನಿಗೂ ಆಗ ತಲೆಕೆಟ್ಟಿತ್ತು ಅನ್ನಿ. ಹೋಟೆಲಿಗೆ ಹೊಸ ಮ್ಯಾನೇಜರು ಬಂದಿದ್ದ. ಬಂದವನೇ ಬಾಗಿಲಲ್ಲಿ ಅರ್ಧ ದಿನ ನಿಂತು ನೋಡಿ, ಅತಿಥಿಗಳ ಎದುರು ಓಡಾಡುವ ನೌಕರರೆಲ್ಲ ಮರ್ಯಾದೆಯ ಇಂಗ್ಲಿಷು ಕಲಿಯಬೇಕು, ಮಂಗಳವಾರ ಪರೀಕ್ಷೆ ಅಂತ ಹುಕುಂ ಹೊರಡಿಸಿದ. ಫೇಲಾದವರು ನೆಲಮಾಳಿಗೆಗೆ, ಬಟ್ಟೆ ಒಗೆಯುವ ವಿಭಾಗಕ್ಕೆ. ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟಿದ್ದ. ಒಂದು ಮಗ್ಗುಲಲ್ಲಿ ಕೋರಿಕೆಯ ಮಾತುಗಳು, ಇನ್ನೊಂದು ಮಗ್ಗುಲಲ್ಲಿ ಇಲ್ಲ ಅನ್ನದೆ ಇಲ್ಲ ಅನ್ನುವ ಮಾತುಗಳು. ಗಂಡ ಶಾಲೆಯ ಗೇಟಿನವರೆಗೆ ಹೋಗಿ ವಾಪಸು ಬಂದವನು. ಸಣ್ಣಕ್ಕ ಹೈಸ್ಕೂಲು ಮುಗಿಸಿದವಳು. ಶನಿವಾರ ಸಂಜೆ ಅವನು ಹಾಳೆಯನ್ನು ಮಷೀನಿನ ಮೇಲಿಟ್ಟು, “ಇಂಗ್ಲಿಷು” ಅಂದ.

ಪರೀಕ್ಷೆ ಪಾಸಾದರೆ ಮನಸ್ಸು ಹಗುರಾಗಿರುತ್ತದೆ, ಆಗ ಕೇಳಿದರಾಯಿತು ಅಂತ ಸಣ್ಣಕ್ಕ ಒಳಗೊಳಗೇ ಲೆಕ್ಕ ಹಾಕಿ, ಕನ್ನಡಕ ಏರಿಸಿದಳು.

“ಹೇಳಿ. ಐ ವಾಸ್ ವಂಡರಿಂಗ್ ಇಫ್ ಯು ಕುಡ್ ಮೂವ್ ಯುವರ್ ಬ್ಯಾಗ್.”

“ಏನು ಹಾಗಂದ್ರೆ?”

“ನಿಮ್ಮ ಬ್ಯಾಗು ಸ್ವಲ್ಪ ಸರಿಸೋಕೆ ಆಗುತ್ತೇನೋ ಅಂತ ಯೋಚಿಸ್ತಾ ಇದ್ದೆ, ಅಂತ.”

ಗಂಡನಿಗೆ ರೇಗಿತು. “ಯೋಚಿಸ್ತಾ ಯಾಕಿರಬೇಕು? ಬ್ಯಾಗು ಬಾಗಿಲಿಗೆ ಅಡ್ಡ ಇದೆ. ನಾನು ಯೋಚಿಸ್ತಾ ನಿಂತ್ರೆ ಹಿಂದಿನಿಂದ ಬಂದೋನು ಮುಗ್ಗರಿಸಿ ಬೀಳ್ತಾನೆ. ಬೇಕಾದ್ದನ್ನ ಬಾಯಿಬಿಟ್ಟು ಹೇಳೋಕೇನು ಧಾಡಿ ಇವರಿಗೆ?”

ಸಣ್ಣಕ್ಕ ಮುಂದಿನ ಸಾಲು ಓದಿದಳು. ನಿಮಗೆ ಬೇಸರವಿಲ್ಲದಿದ್ದರೆ. ಒಂದುವೇಳೆ ಸಾಧ್ಯವಾಗುವುದಾದರೆ. ಹೀಗೊಂದು ಆದರೆ ಎಷ್ಟು ಚೆನ್ನಾಗಿತ್ತು. ಓದುತ್ತ ಓದುತ್ತ ಅವಳಿಗೆ ನಗು ಬಂತು. ಅಯ್ಯೋ, ಇದಕ್ಕೆ ಇಂಗ್ಲಿಷು ಅಂತ ಯಾಕೆ ಹೆಸರಿಟ್ಟರೋ! ಇಡೀ ಹಾಳೆಯಲ್ಲಿ ಅವಳು ಮೂವತ್ತೊಂದು ವರ್ಷದಿಂದ ಆಡಿಕೊಂಡು ಬಂದದ್ದನ್ನು ಬಿಟ್ಟು ಬೇರೆ ಒಂದು ಮಾತಿರಲಿಲ್ಲ.

ಭಾನುವಾರ ಇಡೀ ದಿನ ಪಾಠ ನಡೆಯಿತು. ಗಂಡ ಸಾಲುಗಳನ್ನು ಬಾಯಿಪಾಠವೇನೋ ಮಾಡಿದ. ಆದರೆ ಏನು ಹೇಳಿದರೂ ಜಗಳಕ್ಕೆ ಕರೆದ ಹಾಗೆ ಕೇಳಿಸುತ್ತಿತ್ತು. ‘ಕುಡ್ ಯು ಪ್ಲೀಸ್’ ಅಂತ ಅವನು ಕಣ್ಣರಳಿಸಿ ಕೇಳಿದರೆ ಯಾವ ಅತಿಥಿಯಾದರೂ ಪೆಟ್ಟಿಗೆ ಅಲ್ಲೇ ಬಿಟ್ಟು ಓಡಬೇಕು. ಕಡೆಗೆ ಸಣ್ಣಕ್ಕ ಗುಟ್ಟು ಬಿಟ್ಟುಕೊಟ್ಟಳು.

“ಎದುರಿಗಿರೋರ ಮುಖ ನೋಡ್ಬೇಡಿ ರೀ. ನೋಡಿದ್ರೆ ಹುಕುಂ ಆಗಿಬಿಡುತ್ತೆ. ಪಕ್ಕದ ಗೋಡೆ ನೋಡಿ. ಅದಕ್ಕೇ ಹೇಳಿ, ಮೆತ್ತಗೆ. ಯಾರಿಗೆ ಕೇಳಿಸಬೇಕೋ ಅವರಿಗೆ ಕೇಳಿಸುತ್ತೆ.”

ಗಂಡ ಗೋಡೆಯ ಕಡೆ ತಿರುಗಿ ಹೇಳಿ ನೋಡಿದ. ದನಿ ತಾನಾಗಿ ತಗ್ಗಿತು. ಅವನಿಗೇ ಆಶ್ಚರ್ಯವಾಯಿತು.

“ಭಲೇ! ಇದನ್ನೆಲ್ಲಿ ಕಲಿತೆ ನೀನು?”

“ಇಲ್ಲೇ” ಅಂದಳು ಸಣ್ಣಕ್ಕ.

ಎಲ್ಲಿ ಅಂತ ಅವನು ಮತ್ತೆ ಕೇಳಲಿಲ್ಲ. ಹಾಳೆಯ ಮಗ್ಗುಲು ತಿರುಗಿಸಿ ಇಲ್ಲ ಅನ್ನುವ ಮಾತುಗಳನ್ನು ಶುರುಮಾಡಿದ. ಅವು ಅವನಿಗೆ ಬಹಳ ಬೇಗ ಬಂದವು.

ಮಂಗಳವಾರ ಸಂಜೆ ಅವನು ಬಾಗಿಲಿನಿಂದಲೇ ಮಾತಾಡುತ್ತ ಒಳಗೆ ಬಂದ. ಅಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ಅವಳು ಕೇಳಿಯೇ ಇರಲಿಲ್ಲ. ಮ್ಯಾನೇಜರು ತಾನೇ ಅತಿಥಿಯಾಗಿ, ದೊಡ್ಡ ಪೆಟ್ಟಿಗೆಯೊಂದನ್ನು ಬಾಗಿಲಿಗೆ ಅಡ್ಡ ಇಟ್ಟು ನಿಂತನಂತೆ. ಇವನು ಪಕ್ಕದ ಕಂಬದ ಕಡೆ ತಿರುಗಿ, ಕೈ ಕಟ್ಟಿ, ಪೆಟ್ಟಿಗೆ ಸರಿಸಲು ಸಾಧ್ಯವಾಗುವುದೋ ಏನೋ ಎಂದು ಯೋಚಿಸುತ್ತಿರುವುದಾಗಿ ಕಂಬಕ್ಕೆ ಇಂಗ್ಲಿಷಿನಲ್ಲಿ ಅರಿಕೆ ಮಾಡಿಕೊಂಡನಂತೆ. ಮ್ಯಾನೇಜರೂ ಒಂದು ಗಳಿಗೆ ಕಂಬ ನೋಡಿ, ಆಮೇಲೆ ತಾನೇ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟನಂತೆ. ಇಷ್ಟು ವರ್ಷದ ಸರ್ವೀಸಿನಲ್ಲಿ ಇಂಥ ನಾಜೂಕು ನೋಡಿಲ್ಲ ಅಂದನಂತೆ. ಇಪ್ಪತ್ತಕ್ಕೆ ಹದಿನೆಂಟು. ಎಲ್ಲರಿಗಿಂತ ಹೆಚ್ಚು.

“ನಾಳೆಯಿಂದ ಎಲ್ಲರೂ ಕಂಬಕ್ಕೇ ಹೇಳ್ಬೇಕಂತೆ. ನಾನೇ ಕಲಿಸಿಕೊಡ್ಬೇಕಂತೆ!” ಅಂತ ಗಂಡ ಕುರ್ಚಿಯಲ್ಲಿ ಕೂತು ತೊಡೆ ತಟ್ಟಿಕೊಂಡ.

ಸಣ್ಣಕ್ಕ ಮಷೀನು ನಿಲ್ಲಿಸಿ ಎದ್ದಳು. ಕೇಳುವುದಿದ್ದರೆ ಈಗಲೇ. ಒಳಕೋಣೆಯ ಮಂಚದ ಮೇಲೆ ಪುಟ್ಟ ಕೈಚೀಲ ಆಗಲೇ ಬಾಯಿ ತೆರೆದು ಕೂತಿತ್ತು. ಕನ್ನಡದಲ್ಲಿ ಕೇಳಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಹಾಳೆಯ ಮಾತಾದರೆ ಅವನೇ ಮೆಚ್ಚಿಕೊಂಡಿರುವ ಮಾತು, ಅದಕ್ಕೊಂದು ಮರ್ಯಾದೆ ಇದೆ. ಅವಳು ಗೋಡೆಯ ಕಡೆ ತಿರುಗಿ, ಮೆತ್ತಗೆ, ಒಂದೂ ತಪ್ಪಿಲ್ಲದೆ ಹೇಳಿದಳು:

“ಐ ವಾಸ್ ವಂಡರಿಂಗ್ ಇಫ್ ಐ ಕುಡ್ ಗೋ ಟು ಮೈ ಸಿಸ್ಟರ್ ಫಾರ್ ಫಿಫ್ಟೀನ್ ಡೇಸ್.”

ಗಂಡ ಥಟ್ಟನೆ ಎದ್ದು ನಿಂತ. ಅಂಗಿಯ ಗುಂಡಿ ಸರಿಮಾಡಿಕೊಂಡ. ಅವನೂ ಗೋಡೆಯ ಕಡೆ ತಿರುಗಿದ.

“ಐ ಯಾಮ್ ಅಫ್ರೇಡ್,” ಅಂದ, ಬೆಣ್ಣೆ ಸವರಿದ ದನಿಯಲ್ಲಿ, “ಇಟ್ ಈಸ್ ನಾಟ್ ಪಾಸಿಬಲ್ ಅಟ್ ದ ಮೊಮೆಂಟ್, ಮೇಡಂ.” ಆಮೇಲೆ ಗೆದ್ದವನ ಹಾಗೆ ನಕ್ಕು, “ಹೇಗೆ? ಒಂದಕ್ಷರ ತಪ್ಪಿದ್ರೆ ಹೇಳು!” ಅಂದ.

ಒಂದಕ್ಷರವೂ ತಪ್ಪಿರಲಿಲ್ಲ. ಭಾನುವಾರ ಇಪ್ಪತ್ತು ಸಲ ಹೇಳಿಸಿ ತಿದ್ದಿದವಳು ಅವಳೇ. ಸಣ್ಣಕ್ಕನ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಗಂಡನ ಮೇಲೋ, ಹಾಳೆಯ ಮೇಲೋ, ಸತ್ತ ಅತ್ತೆಯ ಮೇಲೋ ಅಂತ ವಿಚಾರಿಸುತ್ತ ಕೂರಲು ಪುರುಸೊತ್ತಿರಲಿಲ್ಲ. ಅವಳು ಗೋಡೆ ಬಿಟ್ಟು ಗಂಡನ ಮುಖಕ್ಕೆ ಮುಖ ಕೊಟ್ಟು ನಿಂತಳು.

“ನಾನು ಪಾಠ ಹೇಳ್ತಿಲ್ಲ ರೀ. ನಾಡಿದ್ದು ಅಕ್ಕನ ಕಣ್ಣಿನ ಆಪರೇಷನ್ನು. ನಾಳೆ ಬೆಳಿಗ್ಗೆ ಬಸ್ಸಿಗೆ ನಾನು ಹೋಗ್ತಿದೀನಿ. ಹದಿನೈದು ದಿನ ಅಲ್ಲೇ ಇರ್ತೀನಿ. ಕೇಳ್ತಿಲ್ಲ, ಹೇಳ್ತಿದೀನಿ.”

ಹೇಳಿ ಮುಗಿಸಿದವಳೇ ಮಷೀನನ್ನು ಹಿಡಿದುಕೊಂಡಳು.

ಗಂಡ ಅವಳನ್ನು ಬಿಟ್ಟಕಣ್ಣು ಬಿಟ್ಟಂತೆ ನೋಡಿದ. “ಹೋಗು ಮತ್ತೆ. ಹೋಗ್ದೆ ಇದ್ರೆ ಹೇಗೆ? ಅವರ ಹತ್ರ ಯಾರಿದಾರೆ? ನೀನು ಹೊರಡೋ ಸುದ್ದಿನೇ ಎತ್ತಲಿಲ್ಲವಲ್ಲ, ಬೇರೆ ಯಾರೋ ಬರ್ತಾರೇನೋ ಅಂದ್ಕೊಂಡೆ.”

“ಊಟಕ್ಕೇನು ಮಾಡ್ತೀರಿ?”

“ಏನೋ ಒಂದು. ಹೋಟೆಲಲ್ಲಿ ನೌಕರರಿಗೆ ದಿನಾ ಮಾಡಿ ಹಾಕ್ತಾರೆ. ನೀನು ಕಟ್ಟಿಕೊಡ್ತೀಯಲ್ಲ ಅಂತ ನಾನು ಅಲ್ಲಿ ಕೂರ್ತಿರಲಿಲ್ಲ, ಅಷ್ಟೇ.”

ಇಷ್ಟು ಸಲೀಸಾಗಿ ಮುಗಿದುಹೋಯಿತು. ಸಣ್ಣಕ್ಕನಿಗೆ ಖುಷಿಯಾಗಬೇಕಿತ್ತು. ಆದರೆ ಒಳಗಿನಿಂದ ಬೇರೆಯೇ ಒಂದು ನೆನಪು ಎದ್ದು ಬಂತು.

“ಅಮ್ಮ ಹಾಸಿಗೆ ಹಿಡಿದಿದ್ದಾಗ,” ಅಂದಳು. ಒಂಬತ್ತು ವರ್ಷದ ಹಿಂದಿನ ಮಾತು. ಎರಡು ತಿಂಗಳಲ್ಲಿ ನಾಲ್ಕು ಸಲ ಬೆಳಗಿನ ಬಸ್ಸಿಗೆ ಹೋಗಿ, ತಾಯಿಯ ಕೈ ಹಿಡಿದು ಒಂದು ತಾಸು ಕೂತು, ಮಧ್ಯಾಹ್ನದ ಬಸ್ಸಿಗೆ ತಿರುಗಿ ಬಂದಿದ್ದಳು. “ಇವತ್ತೊಂದು ದಿನ ಇರೇ” ಅಂತ ಅಮ್ಮ ಅಂದರೆ, “ಅವರು ಬಿಡಲ್ಲಮ್ಮ” ಅಂದಿದ್ದಳು. ಐದನೆಯ ಸಲ ಹೋಗುವಷ್ಟರಲ್ಲಿ ಅಮ್ಮ ಇರಲಿಲ್ಲ. “ಆಗ ನಾನು ಅಲ್ಲೇ ಇರ್ತೀನಿ ಅಂದಿದ್ರೆ ಏನಂತಿದ್ರಿ?”

ಗಂಡ ತಲೆ ಕೆರೆದುಕೊಂಡ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

“ಇರು ಅಂತಿದ್ದೆ” ಅಂದ.

ಸಣ್ಣಕ್ಕ ಮಷೀನಿನ ಮುಂದಿನ ಸ್ಟೂಲಿನ ಮೇಲೆ ಕುಸಿದು ಕೂತು, ಯಾರದೋ ಅರ್ಧ ಹೊಲಿದ ಪ್ಯಾಂಟಿನಲ್ಲಿ ಮುಖ ಮುಚ್ಚಿಕೊಂಡು, ಬಿಕ್ಕಿ ಬಿಕ್ಕಿ ಅತ್ತಳು. ಸಾಕಷ್ಟು ಅತ್ತಾದ ಮೇಲೆ ಅವಳು ಮೂಗು ಒರೆಸಿಕೊಂಡು ತಲೆ ಎತ್ತಿದಳು.

“ಒಂದು ತಿಂಗಳು ಇರ್ತೀನಿ. ಹದಿನೈದು ದಿನ ಅಕ್ಕನಿಗೆ, ಹದಿನೈದು ದಿನ ಅಮ್ಮನಿಗೆ.”

ಅವಳು ಸ್ಟೂಲಿನಿಂದ ಏಳುವವರೆಗೆ ಗಂಡ ಕಾದ. ಆಮೇಲೆ ಅದರ ಮೇಲೆ ಹತ್ತಿ, ಅಟ್ಟದಿಂದ ದೊಡ್ಡ ಚೀಲವನ್ನು ಇಳಿಸಿ, ಧೂಳು ಒರೆಸಿ ಅವಳ ಕೈಗೆ ಕೊಟ್ಟ.